ಹದಿನೇಳನೇ ಕಲಂ

ಬನಹಟ್ಟ್ಯಾಗ ಟೆಂಡರ್ ಫಾರ್ಮು ತುಂಬೂದು ನನ್ನ ಕೆಲಸ.
ಮಗ್ಗದ ಸದ್ದಿಗೆ ಅಕ್ಷರ ಸುದ್ದಾ ನಡಗತಾವ.
ಸರಕಾರಿ ದವಾಖಾನಿಗೆ ಚಾದರ,
ಹಸರು, ನಾಕು ಸಾವಿರ.

ಹದಿನಾರು ಕಲಂ ಸಲೀಸು:
ಪ್ಯಾನ್ ನಂಬರು, ಠೇವಣಿ, ಹಳೇ ಬಿಲ್ಲು.
ಹದಿನೇಳು ಕೇಳತದ,
ಬಣ್ಣದ ನೀರು ಎಲ್ಲಿ ಬಿಡತೀರಿ?
ಉತ್ತರಕ್ಕ ಒಂದ ಗೆರಿ ಜಾಗ.

"ಶುದ್ಧ ಮಾಡಿ ಅಂತ ಬರಿ,"
ಭದ್ರನ್ನವರ ಸಾಹುಕಾರ್ರು ಎಲಿ ಮಡಚಕೋತ ಅಂದ್ರು.

ಕಿಡಕ್ಯಾಗಿಂದ ಗಟಾರ ನೋಡಿದೆ.
ಸೋಮವಾರ ನೀಲಿ, ಇವತ್ತ ಹಸರು.
ಶಕೀಲಾಬಿ ಕೋಳಿ ಅದರಾಗ ಕಾಲ ಅದ್ದಿ
ಅಂಗಳದ ತುಂಬ ಸಹಿ ಮಾಡಕೋತ ಹೊಂಟಿತ್ತು.

ಹ್ವಾದ ವರ್ಷ ನಮ್ಮ ದರಾನ ಎಲ್ಲಾರಕಿಂತ ಕಡಿಮಿ.
ಎಲ್ಲಿ ಕಡದ್ರಿ ಅಂತ ಯಾರೂ ಕೇಳಲಿಲ್ಲ.
ನೂಲಿನ ರೇಟು ಬಗ್ಗೂದಿಲ್ಲ;
ಬಗ್ಗಿದ್ದು ರಾತ್ರಿ ಪಾಳಿ ಗುರುಬಸವ್ವನ
ಮೀಟರಿಗೆ ಹತ್ತು ಪೈಸಾ,
ಮತ್ತ ಈ ಗಟಾರ.

ಮೊನ್ನೆ ಅವ್ವಗ ವಾಂತಿ ಹತ್ತಿ ಅದೇ ದವಾಖಾನ್ಯಾಗ ಹಾಕಿದ್ವಿ.
ಮೈ ಕೆಳಗ ನಮ್ಮ ಚಾದರ, ಅಂಚಿನಮ್ಯಾಲೆ ಗುರುತ ಹಿಡದೆ.
ಕೈಯಾಡಿಸಿ ಅಂದಳು:
"ಛಲೋ ಬಣ್ಣ. ಬಿಡೂದಿಲ್ಲ ನೋಡ."

ಐದಕ್ಕ ಪೆಟಗಿ ಮುಚ್ಚತಾರ.
ಬರದೆ: ಹಿತ್ತಲಕ್ಕ, ಶಕೀಲಾಬಿ ಮನಿ ಕಡೆ.

ಸಾಹುಕಾರ್ರು ಎರಡ ಸಲ ಓದ್ಯಾರ.
ಪೆನ್ನಿನ ಟೊಪಗಿ ಇನ್ನೂ ತಗದಿಲ್ಲ.