ಐದಕ್ಕೆ ಐದು

ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ
ಅದೇ ಪ್ರಶ್ನೆ ಕೇಳಿದೆ:
ಹಾವು ಕಚ್ಚಿದರೆ ಏನು ಮಾಡುವಿರಿ?
ಐದು ಅಂಕ.

ಕಟ್ಟು. ಕೊಯ್ಯಿ. ಹೀರು. ಉಗುಳು.
ಬೋರ್ಡಿನ ಮೇಲೆ ಒಂಟಿ ಕಾಲು ಬರೆದು
ಮಂಡಿಯ ಕೆಳಗೆ ಕೆಂಪು ಸೀಮೆಸುಣ್ಣ ಒತ್ತಿ ಎಳೆಯುತ್ತಿದ್ದೆ.
‘ಬಿಗಿಯಾಗಿ’ ಎಂಬ ಪದ ಬಿಟ್ಟವರಿಗೆ
ಅರ್ಧ ಅಂಕ ಕಡಿತ.

ಗಂಗುಲಪ್ಪ ಬಿಡಲಿಲ್ಲ.
ಲೆಕ್ಕದಲ್ಲಿ ಸೊನ್ನೆ, ಇಂಗ್ಲಿಷಿನಲ್ಲಿ ಏಳು,
ಆ ಪದದ ಕೆಳಗೆ ಮಾತ್ರ ಸ್ಕೇಲಿಟ್ಟು ಎರಡು ಗೆರೆ.
ಎದ್ದು ನಿಲ್ಲಿಸಿ ಇಡೀ ಕ್ಲಾಸಿಗೆ ಓದಿಸಿದ್ದೆ.

ರಿಟೈರಾಗುವ ಎರಡು ವರ್ಷ ಮೊದಲು
ಮುಳಬಾಗಿಲಿನ ತರಬೇತಿಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು
ಬೇಡ ಮೇಷ್ಟ್ರೇ, ಕಟ್ಟಲೇಬೇಡಿ, ಅಂದರು.
ಆಮೇಲಿನ ಮಕ್ಕಳಿಗೆ ಹಾಗೇ ಹೇಳಿದೆ.
ಹಳೆಯ ಮಕ್ಕಳ ವಿಳಾಸ ನನ್ನ ಹತ್ತಿರ ಇರಲಿಲ್ಲ.

ಹೋದ ಸೋಮವಾರ ಬಂದ,
ಒಂದು ಕ್ರೇಟು ಬಾದಾಮಿ ಹಣ್ಣು ಹೊತ್ತು.
ಹಿಂದೆ ತಂಗಿ ಅಲಿವೇಲು,
ಕಂಕುಳಲ್ಲಿ ಊರುಗೋಲು, ಸೀರೆ ಒಂದು ಕಡೆ ಖಾಲಿ.

“ತೋಪಿನಾಗೆ ತರಗು ಗುಡಿಸ್ತಿದ್ಲು ಸಾ, ಕೊಳಕುಮಂಡಲ.
ಕ್ರೇಟಿನ ಹಗ್ಗ ತಗಂಡು ಕಟ್ದೆ ನೋಡಿ, ನೀವು ಹೇಳ್ಕೊಟ್ಟಂಗೇ.
ಬ್ಲೇಡೂ ಆಡಿಸ್ದೆ.
ದಾರೀಲಿ ಯಾರೋ ಬಿಚ್ಚು ಅಂದ್ರು, ಬಿಚ್ಚಲಿಲ್ಲ,
ಕೋಲಾರ ಸೇರೋಗಂಟ ಮೂರು ಗಂಟೆ.
ಕಾಲು ಹೋಯ್ತು, ಜೀವ ಉಳೀತು.
ನಿಮ್ಮ ಪಾಠ ಸಾ.”

ಕಾಲಿಗೆ ಬಿದ್ದ.
ನನ್ನ ಎರಡೂ ಕಾಲಿಗೆ.

ಅಲಿವೇಲು ಕೂರಲಿಲ್ಲ.
“ಹಗ್ಗ ಕತ್ತರಿಸ್ತಾ ಡಾಕ್ಟ್ರು ಎರಡು ಸಲ ಕೇಳಿದ್ರು ಸಾ,
ಇದನ್ನ ಕಟ್ಟಿದೋರು ಯಾರು ಅಂತ.
ಅಣ್ಣ ಅಂದೆ. ಸುಮ್ಮನಾಗ್ಬಿಟ್ರು.
ಯಾಕೆ ಸಾ?”

ಮಜ್ಜಿಗೆ ಲೋಟದ ಮೇಲೆ ಕರಿಬೇವು ತೇಲುತ್ತಿತ್ತು.
ನಾನು ಕಟ್ಟಿದ್ದು, ಅಂದೆ.
ಅವರಿಗೆ ಅರ್ಥವಾಗಲಿಲ್ಲ.
ಮತ್ತೆ ಮೊದಲಿನಿಂದ ಹೇಳಿದೆ, ನಿಂತುಕೊಂಡು, ಪಾಠದ ಹಾಗೆ:
ಕಟ್ಟಬಾರದು, ಕೊಯ್ಯಬಾರದು, ಬಾಯಿ ಇಡಬಾರದು;
ಕಾಲು ಅಲುಗದ ಹಾಗೆ ಮಲಗಿಸಿ ಹೊತ್ತು ನಡೆಯಬೇಕು,
ಔಷಧಿ ಇರುವುದು ಆಸ್ಪತ್ರೆಯಲ್ಲಿ, ಗಂಟಿನಲ್ಲಲ್ಲ.
ಜೀವ ಉಳಿಸಿದ್ದು ಆ ಸೂಜಿ, ಗಂಗುಲಪ್ಪಾ.

ಅವನು ತನ್ನ ಕೈಗಳನ್ನು ನೋಡಿಕೊಂಡ, ಆ ಕಡೆ, ಈ ಕಡೆ.
“ಫುಲ್ ಮಾರ್ಕ್ಸ್ ಕೊಟ್ಟಿದ್ರಲ್ಲ ಸಾ,” ಅಂದ,
ಜಗಳಕ್ಕಲ್ಲ, ನೆನಪಿಸುವವನ ಹಾಗೆ.

ಬಾಗಿಲ ತನಕ ಹೋದವಳು ತಿರುಗಿ
“ಹಣ್ಣು ತಿನ್ನಿ ಸಾ, ಹದಕ್ಕೆ ಬಂದೈತೆ,” ಅಂದಳು.

ಇವತ್ತು ಶುಕ್ರವಾರ.
ಕ್ರೇಟಿಗೆ ಸುತ್ತಿದ ನೀಲಿ ಹಗ್ಗ ಹಾಗೇ ಇದೆ.
ಹೆಂಡತಿ ಕತ್ತರಿ ತಂದಿಟ್ಟು ಎರಡು ದಿನವಾಯಿತು.
ಮನೆಯೆಲ್ಲ ಕೊಳೆತ ಸಿಹಿ ವಾಸನೆ.