ಫೆಬ್ರವರಿಯ ಹಾಳೆ

ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ.
ಮೂಗಿನೊಳಗಿನ ಕೂದಲು ಮುಳ್ಳಾಗುವ ಚಳಿ.
ವೋಯ್ತೆಖ್ ಬ್ಯಾಟರಿಗಳನ್ನು ಕಂಕುಳಲ್ಲಿಟ್ಟು
ಕಾವು ಕೊಡುತ್ತಿದ್ದ, ಹೇಂಟೆಯ ಹಾಗೆ.
ನಕ್ಕೆ. ಮೀಸೆಯ ಮೇಲಿನ ಮಂಜು ಚಟ್ಟೆಂದಿತು.

ನಾಲ್ಕಕ್ಕೇ ಎದ್ದು ಕುದುರೆಗೆ ಜೀನು ಬಿಗಿದಿದ್ದೆ.
ಐಜಾರ್ಕಿನ್ ಒಲೆಗೆ ಕುರುಳು ತುಂಬಿ
ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟಳು.
‘ಬೆಟ್ಟ ಎಲ್ಲಿಗೂ ಓಡಿಹೋಗೋದಿಲ್ಲ,
ಬೆಳಗಾದ ಮೇಲೆ ಹೋಗಬಾರದಾ?’
‘ಬೆಟ್ಟ ಓಡೋದಿಲ್ಲ. ಬೆಳಕು ಓಡುತ್ತೆ’
ಅಂದ ಅವನು, ತನ್ನ ಮುರುಕು ರಷ್ಯನ್ನಿನಲ್ಲಿ.
ಅವಳು ಮಾತಾಡದೆ ಇನ್ನೊಂದು ಬಟ್ಟಲು ಸುರಿದಳು.

ಹೊಳೆ ಹೆಪ್ಪುಗಟ್ಟಿತ್ತು. ಅದರ ಬೆನ್ನ ಮೇಲೇ ನಡೆದೆವು.
ಅಡಿಯಲ್ಲಿ ನೀರು
ನಿದ್ದೆಯಲ್ಲಿ ಕನವರಿಸುವವರಂತೆ ಏನೋ ಅನ್ನುತ್ತಿತ್ತು.

ದಿಬ್ಬದ ಹತ್ತಿರ ಅವನು ಕೈ ಅಡ್ಡ ಹಿಡಿದ.
ಇಲ್ಲಿಂದ ಮುಂದೆ ಹೆಜ್ಜೆ ಬೀಳಕೂಡದು,
ಯಾರೂ ತುಳಿಯದ ಹಿಮ ಬೇಕು.
ಹುಟ್ಟಿದಾಗಿನಿಂದ ನಾನು ತುಳಿದ ಇಳಿಜಾರು ಅದು.
ಆದರೂ ಸುತ್ತು ಹಾಕಿದೆ, ಒಂದು ಮೈಲಿ,
ಬಂಡೆಯ ಹಿಂದೆ ಕುದುರೆಯ ಮೂತಿ ಅಪ್ಪಿಕೊಂಡು ಕೂತೆ,
ಅದರ ಉಸಿರಿನ ಹಬೆಯೂ ಚಿತ್ರದೊಳಕ್ಕೆ ನುಗ್ಗದ ಹಾಗೆ.

ಕಾಯುವುದು ನನಗೆ ಹೊಸದಲ್ಲ.
ಈಯಲಾರದ ಯಾಕಿನ ಪಕ್ಕ ಮೂರು ರಾತ್ರಿ ಕೂತವನು ನಾನು.
ಅವನ ಕಾಯುವಿಕೆ ಬೇರೆ.
ತೋಳದ್ದು ಅದು, ಮೈಯೆಲ್ಲ ಕಣ್ಣು.

ಮೊದಲು ತುದಿ ಹೊತ್ತಿಕೊಂಡಿತು,
ಆಗಷ್ಟೇ ಹುಟ್ಟಿದ ಕುರಿಮರಿಯ ಕಿವಿಯೊಳಗಿನ ಬಣ್ಣ.
ಆಮೇಲೆ ಬೆಳಕು ಇಳಿಯುತ್ತ ಬಂತು,
ಭುಜಕ್ಕೆ, ಸೊಂಟಕ್ಕೆ,
ನಮ್ಮ ಇಳಿಜಾರಿಗೆ.
ಕ್ಲಿಕ್.
ಬಹಳ ಹೊತ್ತು ಏನೂ ಇಲ್ಲ.
ಕ್ಲಿಕ್.

ವಾಪಸು ಬರುವಾಗ ಒಂದು ಮಾತು ಹೇಳಿದ:
‘ಹಿಮ ಕಂಡರೆ ಈ ಯಂತ್ರಕ್ಕೆ ನಂಬಿಕೆ ಬರೋದಿಲ್ಲ.
ಇಷ್ಟೊಂದು ಬಿಳುಪು ಇರಲಾರದು ಅಂತ
ಎಲ್ಲವನ್ನೂ ಬೂದಿ ಬಣ್ಣ ಮಾಡಿಬಿಡುತ್ತೆ.
ಅದು ಕೇಳಿದ್ದಕ್ಕಿಂತ ಹೆಚ್ಚು ಬೆಳಕು ಕೊಡಬೇಕು.’
ಆ ಮಾತನ್ನು ಜೇಬಿನಲ್ಲಿಟ್ಟುಕೊಂಡು ಮನೆತನಕ ಬಂದೆ.

‘ಆ ಕಂಬವೊಂದು ಇಲ್ಲದಿದ್ದರೆ!’ ಎಂದೂ ಅಂದ.
ನಾನು ಕುದುರೆಯ ಪಟ್ಟಿ ಸರಿಮಾಡಿದೆ.

ಹೇಳಬಹುದಿತ್ತು:
ಆ ಕಂಬ ಲಾರಿಯಲ್ಲಿ ಬಂದದ್ದಲ್ಲ.
ಆರು ಯಾಕು, ಹನ್ನೊಂದು ಗಂಡಸರು, ಎರಡು ದಿನ.
ಅಪ್ಪನ ಎರಡು ಬೆರಳು ಆ ಚಳಿಗೆ ಹೋದವು,
ಉಳಿದ ಮೂರರಲ್ಲಿ ಸ್ವಿಚ್ಚು ಒತ್ತಿದ.
ಬಲ್ಬು ಹೊತ್ತಿದ ರಾತ್ರಿ ಊರು ಮಲಗಲಿಲ್ಲ.
ಬೆಳಗಾಯಿತೆಂದು ನಡುರಾತ್ರಿಯಲ್ಲಿ
ಸಪರ್‌ಬಾಯ್‌ನ ಹುಂಜ ಕೂಗಿತು.
ಅಜ್ಜಿ ಬಲ್ಬಿನ ಕೆಳಗೆ ಕೂತು ತನ್ನ ಕೈ ತಾನೇ ನೋಡಿಕೊಂಡಳು.
‘ಇವು ಇಷ್ಟು ಮುದಿಯಾದದ್ದು ಯಾವಾಗ?’

ಮರುವರ್ಷ ಆತ್‌ಬಾಶಿಯಿಂದ ಬರುವ ಅಂಚೆಯ ಜೀಪು
ಒಂದು ಕ್ಯಾಲೆಂಡರ್ ತಂದಿತು.
ಫೆಬ್ರವರಿಯಲ್ಲಿ ನಮ್ಮ ಬೆಟ್ಟ.
ಬಿಳುಪು ಬಿಳುಪಾಗಿಯೇ ಇತ್ತು, ಸುಳ್ಳು ಹೇಳಬಾರದು.
ಕಂಬ ಇರಲಿಲ್ಲ. ತಂತಿ ಇರಲಿಲ್ಲ.
ನಮ್ಮ ಒಲೆಯ ಹೊಗೆ ಇತ್ತು,
ನೋಡಲು ಚೆಂದವೆಂದು ಬಿಟ್ಟಿರಬೇಕು.

ಬುರುಲ್ ಹಾಳೆಗೆ ಮೂಗು ತಾಗಿಸಿ ನೋಡುತ್ತಿದ್ದಳು.
‘ಅಪ್ಪಾ, ಇದು ಯಾವುದರ ನೆರಳು?’

ಹಿಮದ ಮೇಲೆ ಉದ್ದಕ್ಕೆ, ನೀಲಿಯಾಗಿ,
ತುದಿಯಲ್ಲಿ ಅಡ್ಡಪಟ್ಟಿ, ಅದರ ಮೇಲೆ
ಮೂರು ಪಿಂಗಾಣಿ ಬುಗುಟು.
ಕಂಬ ಅಳಿಸಿದವನು ನೆರಳು ಮರೆತಿದ್ದ.

ನನ್ನಪ್ಪ ಕನ್ನಡಕ ಹುಡುಕಿಕೊಂಡು ಬಂದ.
ಮೂರು ಬೆರಳಿನ ಕೈಯನ್ನು
ನೆರಳಿನ ಬುಡದಿಂದ ತುದಿಯವರೆಗೆ ಎಳೆದ.
‘ನೆಟ್ಟಗೇ ನಿಂತಿದೆ’ ಅಂದ.

ಮಾರ್ಚ್ ಬಂತು, ಹೊಳೆ ಬಾಯಿಬಿಟ್ಟಿತು,
ಹಾಳೆ ಮಗುಚಲು ಯಾರೂ ಏಳಲಿಲ್ಲ.
ದಿನದ ಲೆಕ್ಕಕ್ಕೆ ಅಂಗಡಿಯವನು ಕೊಟ್ಟದ್ದಿದೆ,
ಟ್ರ್ಯಾಕ್ಟರಿನ ಚಿತ್ರದ್ದು.