ಡ್ರೈವರ್ ನಿಂತಿದ್ದ

ಬ್ಯಾಡಗಿ ಪ್ಯಾಟ್ಯಾಗ ಸೋಮವಾರ, ಗುರುವಾರ
ಕೆಮ್ಮಿದ್ರ ಯಾರೂ ತಿರುಗಿ ನೋಡಂಗಿಲ್ಲ.
ದಲಾಲಿ ಅಂಗಡಿ ಮೂಲ್ಯಾಗ, ಗಾಜಿನ ಗೂಡಿನೊಳಗ
ನಾನು, ನನ್ನ ಕಂಪ್ಯೂಟರು, ಒಂದು ಟೇಬಲ್ ಫ್ಯಾನು.
ಕಡ್ಡಿ ಎಷ್ಟು ಚೀಲ, ಡಬ್ಬಿ ಎಷ್ಟು ಚೀಲ,
ತೂಕ, ದರ, ಹಮಾಲಿ, ಸೆಸ್ಸು,
ಬಡದು ಬಡದು ಕೀಬೋರ್ಡಿನ್ಯಾಗ
ಎಂಟರ ಅಂಕಿ ಅಳಿಸಿ ಹೋಗೇತಿ.

ಟೆಂಡರಿನ ರೇಟು ಬರೋ ಹೊತ್ತಿಗೇ
ಪರದೆ ಕಪ್ಪಾಗತಿತ್ತು.
ಎರಡು ಉಸುರು ಎಳಿಯೂವಷ್ಟು ಹೊತ್ತು.
ಆಮ್ಯಾಲೆ ತಾನ ಬೆಳಕಾಗಿ, ನಟ್ಟ ನಡಬರಕ
ಸಣ್ಣದೊಂದು ಚೀಟಿ, ಇಂಗ್ಲೀಷಿನಾಗ.
ಏನಂತ ಐತ್ರಿ ಅಕ್ಕೋರ, ಅಂದ ಫಕ್ಕೀರಪ್ಪ,
ಚೀಲ ಇನ್ನೂ ಬೆನ್ನ ಮ್ಯಾಲ ಇದ್ದಂಗ.
ಕನ್ನಡ ಮಾಡಿ ಓದಿದೆ:
"ಡಿಸ್‌ಪ್ಲೇ ಡ್ರೈವರ್ ಸ್ಪಂದಿಸುವುದನ್ನು ನಿಲ್ಲಿಸಿತ್ತು.
ಈಗ ಚೇತರಿಸಿಕೊಂಡಿದೆ."
"ಯಾವ ಡ್ರೈವರ್ರಿ? ಗುಂಟೂರ ಲಾರಿಯಾಂವ?
ಟಾಯರಿನ ನೆಳ್ಳಾಗ ಮಲಗ್ಯಾನ, ಎಬ್ಬಸ್ಲೇನು?"

ನಕ್ಕದ್ದು ಮೊದಲನೇ ವಾರ.
ಎರಡನೇ ವಾರ ಸಾವಕಾರ್ರು ಕೇಳಿದ್ರು, ಬಿಲ್ಲು ಎಲ್ಲಿ?
ಹಳೇ ಡ್ರೈವರ್ ತಗದು ಹೊಸಾದು ಹಾಕಿದೆ. ಬಂತು.
ಹೊಸಾದು ತಗದು ಹಳೇದ ಹಾಕಿದೆ. ಬಂತು.
ವೈರ್ ಬದಲಿ, ಪ್ಲಗ್ ಬದಲಿ,
ಪರದೆ ಮ್ಯಾಲಿನ ನವಿಲಿನ ಫೋಟೋ ತಗದು
ಬರೇ ನೀಲಿ ಮಾಡಿದೆ, ಅದರ ಭಾರ ಇಳಿಲಿ ಅಂತ.
ಸಾವಕಾರ್ರು ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟಸಿದ್ರು,
ಮೆಣಸಿನಕಾಯಿಗೆ ಬರ ಬಂದಂಗ ಈ ಊರಾಗ.
ಬಂತು.

ಕಡೀಕ ಹಾವೇರಿಯಿಂದ ಮೌನೇಶ ಬಂದ.
ಅವರಪ್ಪಂದು ಪತ್ತಾರಕಿ, ಇವಂದು ಕಂಪ್ಯೂಟರ್ ರಿಪೇರಿ.
ನಾಕು ತಿರುಪು ತಗದು ಪೆಟಗಿ ಬಾಯಿ ತೆರದ್ರ
ಒಳಗ ಫ್ಯಾನಿನ ರೆಕ್ಕಿ ಕಾಣವಲ್ವು.
ಕುಂಕುಮದ ಭರಣಿ.
ಎರಡು ಬೀಜ. ಒಂದು ತೊಟ್ಟು.
ಅಂವ ಸೀನಿದ, ನಾ ಸೀನಿದೆ,
ಹೊರಗ ಯಾರೋ ಶುಭ ಅಂದ್ರು.
ಕಾರ್ಡ್ ಎಳದು, ಬ್ಯಾಗಿನಿಂದ ತಗದ
ಅಪ್ಪನ ಹಿತ್ತಾಳಿ ಊದುಕೊಳವಿ,
ದೀಪದ ನಾಲಿಗಿ ಬಾಗಸಿ ಎಷ್ಟೋ ಮೂಗುತಿ ಬೆಸದ ಕೊಳವಿ,
ಕಣ್ಣು ಮುಚ್ಚಿ ಊದಿದ.
ಕೆಂಪನ ಮೋಡ ಎದ್ದು ಬಿಸಲಕೋಲಿನ್ಯಾಗ ನಿಂತ್ಕೊಂತು.
ಕಾರ್ಡಿನ ಅಂಚಿಗೆ ಸಣ್ಣ ಸಣ್ಣ ಬಂಗಾರದ ಹಲ್ಲು.
ಸಾಲಿ ಹುಡುಗರ ರಬ್ಬರಿನಿಂದ ತಿಕ್ಕಿ ತಿಕ್ಕಿ
ಬೆಳಕಿಗೆ ಹಿಡದು ನೋಡಿದ, ಒರೆಗಲ್ಲು ನೋಡೋರಂಗ.
"ಖರೇ ಬಂಗಾರ ರೀ. ಅಪ್ಪ ಮಾತ್ರ ಒಪ್ಪಂಗಿಲ್ಲ."
ಮುನ್ನೂರೈವತ್ತು ತಗೊಂಡ.
ತಿಂಗಳಿಗೊಮ್ಮೆ ಬಿಚ್ಚಿ ಊದ್ರಿ ಅಂದ.

ಬಾಗಲದಾಗ ಫಕ್ಕೀರಪ್ಪ, ಎಲ್ಲಾ ನೋಡಕೋತ ನಿಂತಾಂವ,
ಇಪ್ಪತ್ತೆರಡು ಸುಗ್ಗಿ ಕಂಡ ಎದಿ ತಟ್ಟಿ,
"ತಮ್ಮಾ, ಇದನ್ನೂ ಒಂದೀಟು ಬಿಚ್ಚಿ ಊದಿ ಹೋಗು."
ತೊಟ್ಟು ಮುರಿಯೋ ಹೆಣ್ಣಮಕ್ಕಳು ಬಿದ್ದು ಬಿದ್ದು ನಕ್ಕರು.
ನಗಿ ಅರ್ಧಕ್ಕ ಕೆಮ್ಮಾತು.

ಒಂದೂವರೆ ತಿಂಗಳು ಪರದೆ ಸುಮ್ಮನಿತ್ತು.
ಊದೋದು ನಾನೂ ಮರತಿದ್ದೆ, ಖರೇ ಹೇಳಬೇಕಂದ್ರ.
ಫೆಬ್ರುವರಿಯ ಒಂದು ಗುರುವಾರ,
ಓಣಿಯಾಗ ಕಾಲಿಡಾಕ ಜಾಗ ಇಲ್ಲದಷ್ಟು ಚೀಲ ಬಂದ ದಿನ,
ಮತ್ತ ಕಪ್ಪಾತು.
ಆ ಕಪ್ಪು ಗಾಜಿನ್ಯಾಗ ಒಂದು ಮಾರಿ ಕಂಡ್ತು, ನಂದಲ್ಲ.
ಎಂಟು ದಿನದಿಂದ ಬರದಿದ್ದ ಫಕ್ಕೀರಪ್ಪ
ನನ್ನ ಬೆನ್ನ ಹಿಂದ ಬಂದು ನಿಂತಿದ್ದ,
ಗಲ್ಲ ಒಳಗ ಹೋಗಿ.
ಏನಾಗಿತ್ತೋ, ಅಂದೆ.
ನನ್ನ ಪುಸ್ತಕದ ಕನ್ನಡಾನ ನನಗ ತಿರುಗಿ ಕೊಟ್ಟ:
"ಸ್ಪಂದಿಸುವುದನ್ನು ನಿಲ್ಲಿಸಿತ್ತು ಅಕ್ಕೋರ.
ಈಗ ಚೇತರಿಸಿಕೊಂಡಿದೆ."

ಹಾಜರಿ ವಹಿಯಾಗ ಅವನ ಹೆಸರಿನ ಮುಂದ
ಎಂಟು ಸೊನ್ನಿ ಇದ್ದಲ್ಲೇ ಇದ್ದವು.
ಪರದೆ ಬೆಳಕಾತು. ಚೀಟಿ ಬಂದು ಕುಂತು
ನನ್ನ ಮಾರಿ ನೋಡತಿತ್ತು.
ಓಕೆ ಒತ್ತಿದೆ.
ಬ್ಯಾರೆ ಬಟನ್ ಇರಲಿಲ್ಲ ಅಲ್ಲಿ.